ವೀಣೆಗೆ ಕರೆಂಟು

ಕಳೆದ ವರ್ಷ ಬೇಸಿಗೆಯ ಒಂದು ಭಾನುವಾರ ನಮ್ಮ ನಡುಮನೆಯ ಚಾಪೆಯ ಮೇಲೆ ಒಂದು ಗಿಟಾರು ಬೋರಲಾಗಿ ಮಲಗಿತ್ತು. ಅದರ ಬೆನ್ನಿನ ಮುಚ್ಚಳ ಬಿಚ್ಚಿ, ಒಳಗಿನ ಸ್ಪ್ರಿಂಗುಗಳನ್ನು ಕಳಚಿ, ನನ್ನ ಮಗ ಅದರ ಮೇಲೆ ಬಗ್ಗಿ ಕೂತಿದ್ದ. ಸಣ್ಣ ಸಣ್ಣ ಸ್ಕ್ರೂಗಳು ಕಳೆದುಹೋಗಬಾರದೆಂದು ನನ್ನ ಅರಿಸಿನ ಕುಂಕುಮದ ತಟ್ಟೆಯನ್ನೇ ತಂದಿಟ್ಟುಕೊಂಡಿದ್ದ. ಬೆಸುಗೆಯ ಹೊಗೆಯೂ ಅಡುಗೆಮನೆಯ ಒಗ್ಗರಣೆಯೂ ಸೇರಿ ಮನೆಯೆಲ್ಲ ಒಂದು ವಿಚಿತ್ರ ಘಾಟು. ಅತ್ತೆಯವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಆಪರೇಷನ್ ಥಿಯೇಟರಿನ ಹೊರಗೆ ಕಾದಿರುವವರ ಹಾಗೆ ಮೊಮ್ಮಗನ ಕೈಯನ್ನೇ ನೋಡುತ್ತಿದ್ದರು.

ಗಿಟಾರಿಗೆ ಬಂದಿದ್ದ ಕಾಯಿಲೆಗೆ ನಮ್ಮ ಊರೇ ಕಾರಣ. ನಮ್ಮದು ದೊಡ್ಡಬಳ್ಳಾಪುರ, ಮಗ್ಗದ ಊರು. ಬೆಳಗಾದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ವಿದ್ಯುತ್ ಮಗ್ಗಗಳ ಖಟಪಟ ಶುರುವಾಗುತ್ತದೆ. ಹೊಸದಾಗಿ ಬಂದ ನೆಂಟರು ರಾತ್ರಿ ನಿದ್ದೆ ಬರಲಿಲ್ಲವೆನ್ನುತ್ತಾರೆ. ನಮಗೆ ಆ ಸದ್ದು ನಿಂತರೇ ಎಚ್ಚರವಾಗುತ್ತದೆ. ಮಗ ಬೆಂಗಳೂರಿನಲ್ಲಿ ಯಾರದೋ ಕೈಯಿಂದ ಅರ್ಧ ಬೆಲೆಗೆ ಕೊಂಡ ಎಲೆಕ್ಟ್ರಿಕ್ ಗಿಟಾರು ಅಲ್ಲಿ ಅವನ ರೂಮಿನಲ್ಲಿ ಚೆನ್ನಾಗಿಯೇ ಹಾಡುತ್ತಿತ್ತಂತೆ. ಇಲ್ಲಿಗೆ ತಂದು ಪೆಟ್ಟಿಗೆಗೆ ಸಿಕ್ಕಿಸಿದರೆ 'ಗುಂಯ್' ಎಂದು ಒಂದೇ ಸಮನೆ ಗುನುಗುತ್ತಿತ್ತು. "ಪಕ್ಕದ ಮನೆ ಮೋಟಾರುಗಳು ಕಣಮ್ಮ. ಇದರ ಪಿಕಪ್ಪು ತಂತಿಯ ಮಾತೂ ಕೇಳತ್ತೆ, ಊರಿನ ಮಾತೂ ಕೇಳತ್ತೆ" ಅಂದ.

ಪಿಕಪ್ ಎಂದರೆ ಏನೆಂದು ನನಗೆ ಗೊತ್ತಾದದ್ದು ಅವತ್ತೇ. ತಂತಿಗಳ ಕೆಳಗೆ ಬೆರಳುದ್ದದ ಒಂದು ಪಟ್ಟಿ; ಅದರೊಳಗೆ ಅಯಸ್ಕಾಂತದ ತುಂಡುಗಳು; ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ, ಸಾವಿರಾರು ಸುತ್ತು. ಉಕ್ಕಿನ ತಂತಿ ನಡುಗಿದರೆ ಅಯಸ್ಕಾಂತದ ಪ್ರಭಾವ ಅಲುಗಾಡುತ್ತದೆ, ತಾಮ್ರದ ಎಳೆಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿದರೆ ನಾದ. ಸುತ್ತಮುತ್ತಲ ವಿದ್ಯುತ್ ತಂತಿ, ಮೋಟಾರುಗಳ ಪ್ರಭಾವವೂ ಅದೇ ಎಳೆಗೆ ತಾಗುವುದರಿಂದ ಗುನುಗು. ಇದಕ್ಕೆ ಮದ್ದನ್ನು ಗಿಟಾರಿಗೆ ಹೊಂದಿಸಿಕೊಟ್ಟವನು ಅಮೆರಿಕದ ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ ಎಂಬಾತ, 1955ರಲ್ಲಿ. ಒಂದು ಸುರುಳಿಯ ಬದಲು ಎರಡು, ಒಂದಕ್ಕೊಂದು ವಿರುದ್ಧವಾಗಿ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಬಂದು ಒಂದನ್ನೊಂದು ಹೊಡೆದುಹಾಕುತ್ತದೆ. ಅಯಸ್ಕಾಂತಗಳನ್ನೂ ತಿರುವುಮುರುವು ಮಾಡಿರುವುದರಿಂದ ತಂತಿಯ ದನಿ ಮಾತ್ರ ಕೂಡಿಕೊಂಡು ಬರುತ್ತದೆ. ಇಬ್ಬರು ವಾರಗಿತ್ತಿಯರು ಅತ್ತೆಯ ಬೈಗುಳವನ್ನು ಆಚೀಚೆ ತಳ್ಳಿ, ಕೆಲಸ ಮಾತ್ರ ಕೂಡಿ ಮಾಡಿದ ಹಾಗೆ ಎಂದು ನಾನೆಂದರೆ ಮಗ ನಕ್ಕ. ಅತ್ತೆಯವರಿಗೆ ಪುಣ್ಯಕ್ಕೆ ಕೇಳಿಸಲಿಲ್ಲ.

ಪಿಕಪ್ಪಿನ ಜತೆಗೆ ಟ್ರೆಮೊಲೊ ಎಂಬುದನ್ನೂ ಬದಲಾಯಿಸಿದ. ಗಿಟಾರಿನ ಕುದುರೆಗೆ ಸಿಕ್ಕಿಸಿದ ಒಂದು ಬಾಗಿದ ಸರಳು ಅದು. ಒತ್ತಿದರೆ ಆರೂ ತಂತಿಗಳು ಒಟ್ಟಿಗೆ ಸಡಿಲವಾಗಿ ಸ್ವರ ಜಾರುತ್ತದೆ, ಬಿಟ್ಟರೆ ಬೆನ್ನಿನೊಳಗಿನ ಸ್ಪ್ರಿಂಗುಗಳು ಎಳೆದು ಮತ್ತೆ ಸ್ವಸ್ಥಾನಕ್ಕೆ ತರುತ್ತವೆ. ತರಬೇಕು. ಅಗ್ಗದ ಗಿಟಾರುಗಳಲ್ಲಿ ಹೋದದ್ದು ಪೂರ್ತಿ ವಾಪಸು ಬರುವುದಿಲ್ಲ. ಎರಡು ಸಲ ಒತ್ತಿದರೆ ಶ್ರುತಿ ಕೆಟ್ಟಿರುತ್ತದೆ. ಲಿಯೊ ಫೆಂಡರ್ ಎಂಬವರ ಕಂಪನಿ 1954ರಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರಿನಲ್ಲಿ ಇದನ್ನು ತಂದಿತು, ಮಗನದು ಅದರದೇ ನಕಲು. ಸಂಗೀತದ ಲೆಕ್ಕದಲ್ಲಿ ಸ್ವರ ಮೇಲೆ ಕೆಳಗೆ ತೂಗಿದರೆ ವೈಬ್ರೇಟೊ, ಸದ್ದು ಏರಿಳಿದರೆ ಟ್ರೆಮೊಲೊ. ಫೆಂಡರ್ ಹೆಸರನ್ನು ಅದಲುಬದಲು ಮಾಡಿದರು, ಲೋಕವೆಲ್ಲ ಹಾಗೇ ಕರೆಯಿತು. ಅವರಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲವಂತೆ! ಅತ್ತೆಯವರು ಸರಳನ್ನು ಒಮ್ಮೆ ತಾವೇ ಒತ್ತಿ ನೋಡಿದರು. "ಗಮಕಕ್ಕೆ ಹಿಡಿ ಇಟ್ಟಿದಾರೆ" ಅಂದರು.

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ತಟ್ಟೆಯ ತುಂಬ ಹಳೆಯ ಭಾಗಗಳು ಉಳಿದವು. ನಾನು ಸುಮ್ಮನಿರದೆ ಕೇಳಿದೆ: "ದನಿ ಹಿಡಿಯೋದು ಬೇರೆ, ದನಿ ಆಡಿಸೋದು ಬೇರೆ, ತಂತಿಯೂ ಹೊಸದು. ಇದು ನೀನು ತಂದ ಗಿಟಾರೇನೋ?" ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮತ್ತಿನ್ಯಾರದಮ್ಮ?" ಎಂದ. ಯಾವುದು ಎಂದು ನಾನು ಕೇಳಿದ್ದಕ್ಕೆ ಯಾರದು ಎಂದು ಅವನು ಉತ್ತರ ಹೇಳಿದ್ದನ್ನು ನಾನು ಆಗ ಗಮನಿಸಲಿಲ್ಲ.

ಈ ಪ್ರಶ್ನೆ ಹಳೆಯದು. ಬೌದ್ಧರ 'ಮಿಲಿಂದ ಪನ್ಹ'ದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ನೀನು ಬಂದ ರಥ ಯಾವುದಯ್ಯಾ ಎಂದು ಕೇಳುತ್ತಾನೆ. ಗಾಲಿಯೇ ರಥವೋ, ಅಚ್ಚೇ ರಥವೋ, ನೊಗವೋ? ಒಂದೊಂದಕ್ಕೂ ಅಲ್ಲ ಎನ್ನುತ್ತಾ ಹೋದ ದೊರೆ ಕೊನೆಗೆ ರಥವೆನ್ನುವುದು ಬರಿಯ ವ್ಯವಹಾರದ ಹೆಸರು ಎಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಹೆಂಗಸರಿಗೆ ಇದಕ್ಕೆ ನಾಗಸೇನ ಬೇಕಿಲ್ಲ. ನನ್ನ ಕೊರಳಿನ ಸರ ಮೂರು ಸಲ ಕರಗಿದೆ. ಒಮ್ಮೆ ಸವೆದು, ಒಮ್ಮೆ ನಾದಿನಿಯ ಮದುವೆಗೆ ಎರಡು ಎಳೆ ಒಂದಾಗಿ, ಒಮ್ಮೆ ಮಗ್ಗದ ಸಾಲಕ್ಕೆ ತೆಳುವಾಗಿ. ಆದರೂ ಅದು ಮದುವೆಯಲ್ಲಿ ಹಾಕಿದ ಸರವೇ. ಅಜ್ಜಿಯ ಡಾಬು ಬಳೆಗಳಾದಾಗ ಯಾರೂ ಅಪಚಾರವೆನ್ನಲಿಲ್ಲ. ಹಾಗಾದರೆ ಯಾವ ಬದಲಾವಣೆ ರಿಪೇರಿ, ಯಾವ ಬದಲಾವಣೆ ದ್ರೋಹ? ಎಲ್ಲಿ ಗೆರೆ ಎಳೆಯುವುದು, ಎಳೆಯುವವರು ಯಾರು?

ಇದು ತಮಾಷೆಯ ತರ್ಕವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಮಗ ಬಿಡಲಿಲ್ಲ. ಮೂಲೆಯಲ್ಲಿ ಮುಸುಕು ಹೊದ್ದು ಕೂತಿದ್ದ ವೀಣೆಯ ಕಡೆ ನೋಡಿ, "ಅಜ್ಜಿ, ನಿನ್ನ ವೀಣೆಗೂ ಒಂದು ಪಿಕಪ್ಪು ಹಾಕೋಣ್ವಾ?" ಎಂದುಬಿಟ್ಟ. ಅತ್ತೆಯವರು ನಕ್ಕರು. ಅದನ್ನು ಹೂಂ ಎಂದು ಅವನು ತಿಳಿದ, ಊಹೂಂ ಎಂದು ನಮ್ಮವರು ತಿಳಿದರು.

ಆ ವೀಣೆ ಅತ್ತೆಯವರ ಜತೆ 1968ರಲ್ಲಿ ಮೈಸೂರಿನಿಂದ ಬಂದದ್ದು. ಹಲಸಿನ ಮರದ್ದು. ಅವರಿಗೆ ಆಗ 19 ವರ್ಷ. ತಂದೆ ಶಾಲೆಯ ಮೇಷ್ಟರು, ಮಗಳಿಗೆ ಎಂಟು ವರ್ಷ ಪಾಠ ಹೇಳಿಸಿದ್ದರು. ಬಂದ ಮನೆಯಲ್ಲಿ ಹಿತ್ತಲ ಕೋಣೆಯಲ್ಲಿ ನಾಲ್ಕು ಮಗ್ಗ. ಹಗಲೆಲ್ಲ ಅವುಗಳ ಸದ್ದಿನಲ್ಲಿ ಮನುಷ್ಯರ ಮಾತೇ ಕೂಗಿ ಆಡಬೇಕು, ಇನ್ನು ವೀಣೆಯನ್ನು ಕೇಳುವವರು ಯಾರು? ಕರೆಂಟು ಹೋದಾಗ ಮಾತ್ರ ಊರಿಗೆ ಊರೇ ಥಟ್ಟನೆ ಮೌನವಾಗುತ್ತಿತ್ತು. ಗಂಡಸರು ಬೀದಿಗೆ ಬಂದು ಬೈಯುತ್ತಾ ನಿಲ್ಲುತ್ತಿದ್ದರು. ಅತ್ತೆಯವರು ಕೈ ಒರೆಸಿಕೊಂಡು ವೀಣೆಯ ಮುಸುಕು ತೆಗೆಯುತ್ತಿದ್ದರು. ನಾನು ಈ ಮನೆಗೆ ಬಂದ ಮೇಲೂ ಅದೇ ಪದ್ಧತಿ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಹೆಚ್ಚಾದರೆ ಮನೆಯಲ್ಲಿ ಸಂಗೀತ ಹೆಚ್ಚು, ದುಡ್ಡು ಕಡಿಮೆ. ಅವರು ಎಷ್ಟು ಮೆಲ್ಲಗೆ ಮೀಟುತ್ತಿದ್ದರೆಂದರೆ ಪಕ್ಕದಲ್ಲಿ ಕೂತು ಬೇಳೆ ಆರಿಸುತ್ತಿದ್ದ ನಾನು ಕಲ್ಲನ್ನು ತಟ್ಟೆಗೆ ಹಾಕದೆ ಸೆರಗಿಗೆ ಹಾಕಿಕೊಳ್ಳುತ್ತಿದ್ದೆ. "ಏನು ಸೌಮ್ಯ ಅಮ್ಮನ ಕೈ" ಎಂದು ಬೆಂಗಳೂರಿನಲ್ಲಿರುವ ಭಾವನವರು ಇಂದಿಗೂ ಹೇಳುತ್ತಾರೆ.

ಈಚಿನ ಹತ್ತು ವರ್ಷಗಳಿಂದ ಅತ್ತೆಯವರ ಕಿವಿ ಮಂದವಾಗಿದೆ. ಮಗ್ಗದ ನಡುವೆ ಬದುಕಿದವರಿಗೆ ಇದೇನು ಹೊಸತಲ್ಲ, ನಮ್ಮ ಬೀದಿಯಲ್ಲಿ ಅರವತ್ತು ದಾಟಿದವರೆಲ್ಲ ಜಗಳವಿಲ್ಲದೆಯೂ ಜಗಳದ ದನಿಯಲ್ಲೇ ಮಾತಾಡುತ್ತಾರೆ. ಕರೆಂಟು ಹೋದಾಗಲೂ ಅವರಿಗೆ ತಮ್ಮ ವೀಣೆ ಸರಿಯಾಗಿ ಕೇಳದಂತಾಗಿ, ಮುಸುಕು ತೆಗೆಯುವುದು ನಿಂತಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಅದರಲ್ಲಿ ಮಾತು ಕೇಳುತ್ತದೆ, ವೀಣೆ ತಗಡು ಬಡಿದಂತೆ ಕೇಳುತ್ತದೆ ಎಂದು ಬದಿಗಿಟ್ಟರು.

ಹೇಗಿದ್ದರೂ ಮೇಳ ಕಟ್ಟಿಸಬೇಕಾಗಿತ್ತು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ವರ್ಷಗಳ ಸೆಕೆಗೆ ಮೇಣ ಕುಗ್ಗಿ ಮೆಟ್ಟಿಲು ಜರುಗಿದರೆ ಸ್ವರಸ್ಥಾನ ತಪ್ಪುತ್ತದೆ. ನಮ್ಮ ತಾಲ್ಲೂಕಿನಲ್ಲೇ ಸಿಂಪಾಡಿಪುರವಿದೆಯಲ್ಲ! ಈ ಕಡೆಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ವೀಣೆಯ ಊರು. ಪೆನ್ನ ಓಬಳಯ್ಯನವರಿಂದ ಆ ಊರಿಗೆ ಬಂದ ಕಸುಬು ಮನೆಯಿಂದ ಮನೆಗೆ ಹಬ್ಬಿತು. ಹಲಸಿನ ದಿಮ್ಮಿಗಳು ಅಲ್ಲಿ ಕೊಡವಾಗಿ, ದಂಡಿಯಾಗಿ, ಯಾಳಿಯ ಮುಖವಾಗಿ ಹೊರಬರುತ್ತವೆ. ಹೊಲಗದ್ದೆಯ ಊರು, ಸಂಗೀತ ಶಾಲೆಯಿಲ್ಲ, ಸಭೆಯಿಲ್ಲ. ಆದರೆ ಅಲ್ಲಿಯ ಕೈ ತಾಗಿದ ವೀಣೆಗಳು ಎಲ್ಲೆಲ್ಲೋ ದೊಡ್ಡ ವೇದಿಕೆಗಳಲ್ಲಿ ನುಡಿಯುತ್ತವೆ.

ಅಲ್ಲಿಯ ಒಬ್ಬ ಕುಶಲಕರ್ಮಿ ನಮ್ಮ ವೀಣೆಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದರು. ಮೇಣವೆಲ್ಲ ತೆಗೆಯಬೇಕು, ಮೆಟ್ಟಿಲು ಸವೆದಿವೆ ಬದಲಿಸಬೇಕು, ಏಳೂ ತಂತಿ ಹೊಸದು, ಕುದುರೆಯ ಮೇಲಿನ ತಗಡು ಹೊಸದು, ಎರಡು ಬಿರಡೆ ಹೊಸದು, ಸೋರೆ ಬುರುಡೆ ಬಿರುಕು ಬಿಟ್ಟಿದೆ, ಅದೂ ಹೊಸದು ಎಂದರು. ಮನೆಗೆ ಬಂದು ಭಾವನವರಿಗೆ ಫೋನಿನಲ್ಲಿ ಈ ಪಟ್ಟಿ ಓದಿದೆ. "ಮಾಡಿಸಿ, ಖರ್ಚಿಗೆ ಯೋಚನೆ ಮಾಡಬೇಡಿ" ಎಂದರು. ಕೊನೆಗೆ, ಮಗ ಒಂದು ಪಿಕಪ್ಪು ಹಾಕುತ್ತೇನೆನ್ನುತ್ತಾನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. "ಅದೊಂದು ಬೇಡ. ಅಮ್ಮನ ವೀಣೆ ಅಮ್ಮನ ವೀಣೆ ಹಾಗೇ ಇರಲಿ."

ಮಗ ಹೇಳಿ ನೋಡಿದ. ಗಿಟಾರಿನಂಥ ಅಯಸ್ಕಾಂತದ ಪಿಕಪ್ಪು ಇದಕ್ಕೆ ಹಾಕುವುದಿಲ್ಲ ದೊಡ್ಡಪ್ಪ, ಅಜ್ಜಿಯ ವೀಣೆಯ ಮಂದ್ರದ ತಂತಿಗಳು ಹಿತ್ತಾಳೆಯವು, ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಇದು ಕಾಂಟ್ಯಾಕ್ಟ್ ಮೈಕು, ನಾಲ್ಕಾಣೆ ಬಿಲ್ಲೆಯಷ್ಟು, ಮರದ ನಡುಕವನ್ನು ಮುಟ್ಟಿ ತಿಳಿಯುತ್ತದೆ ಅಷ್ಟೆ. ತೂತು ಕೊರೆಯುವುದಿಲ್ಲ, ಮೇಣದಲ್ಲಿ ಅಂಟಿಸುವುದು, ಬೇಡವೆಂದರೆ ಕಿತ್ತುಬಿಡಬಹುದು. ಊಹೂಂ. ಅರ್ಧ ವೀಣೆ ಬದಲಾದರೂ ಚಿಂತೆಯಿಲ್ಲದ ಭಾವನವರಿಗೆ ಆ ಬಿಲ್ಲೆಯೊಂದು ನುಂಗಲಾರದ ತುತ್ತಾಯಿತು.

ಇದನ್ನು ಹಟವೆಂದು ಪಕ್ಕಕ್ಕೆ ಸರಿಸಲು ನನಗೆ ಮನಸ್ಸಾಗಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು. ಮೇಣ, ಮೆಟ್ಟಿಲು, ತಂತಿ ಬದಲಾದರೆ ವೀಣೆ ಮೊದಲಿನ ಹಾಗೆ ನುಡಿಯಲೆಂದು. ಪಿಕಪ್ಪು ಹಾಕುವುದು ಮೊದಲಿನ ಹಾಗೆ ನುಡಿಯದಿರಲೆಂದು. ಒಂದರಲ್ಲಿ ಸ್ವಭಾವ ಕಾಯುವ ಉದ್ದೇಶ, ಇನ್ನೊಂದರಲ್ಲಿ ಸ್ವಭಾವ ತಿದ್ದುವ ಉದ್ದೇಶ. ವೀಣೆಯ ಸ್ವಭಾವವೇ ಮೆಲುದನಿ ಎಂದಾದರೆ, ಅದಕ್ಕೆ ಕರೆಂಟು ಕೊಡುವುದು ಸಾಧುವಾದ ಹುಡುಗಿಗೆ ಮೈಕು ಹಿಡಿದು ಭಾಷಣ ಮಾಡು ಎಂದ ಹಾಗಲ್ಲವೇ? ರಿಪೇರಿಗೂ ದ್ರೋಹಕ್ಕೂ ನಡುವಿನ ಗೆರೆ ಇಲ್ಲಿಯೇ ಇದೆ ಎಂದು ಒಂದು ವಾರ ನಾನೂ ನಂಬಿದ್ದೆ.

ಮುಂದಿನ ಭಾನುವಾರ ಭಾವನವರು ಬಂದರು. ಊಟವಾದ ಮೇಲೆ ಮತ್ತೆ ಅದೇ ಚರ್ಚೆ. ನಾನು ಚೌಡಯ್ಯನವರ ವಿಷಯ ಎತ್ತಿದೆ. ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಮೈಕು ಇಲ್ಲದ ದಿನಗಳು. ಹಿಂದಿನ ಸಾಲಿನವರಿಗೂ ಕೇಳಿಸಬೇಕು, ದನಿ ತುಂಬಿಕೊಳ್ಳಬೇಕು ಎಂಬುದೇ ಕಾರಣ. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಸಭಾಂಗಣ ಕಟ್ಟಿದ್ದೇವೆ, 1980ರಿಂದ ನಿಂತಿದೆ. ಮ್ಯಾಂಡೊಲಿನ್ ಶ್ರೀನಿವಾಸರನ್ನೇ ತೆಗೆದುಕೊಳ್ಳಿ, ಮೀಟಿದೊಡನೆ ಆರಿಹೋಗುವ ಆ ವಾದ್ಯದಲ್ಲಿ ಗಮಕ ನಿಲ್ಲಲಿ ಎಂದು ಕರೆಂಟಿನ ಮ್ಯಾಂಡೊಲಿನ್ನನ್ನೇ ಹಿಡಿದರು. ಇದೆಲ್ಲ ಅಪಚಾರವೇ? ಭಾವನವರು ಎಲೆಅಡಿಕೆ ಜಗಿಯುತ್ತಾ ಹೇಳಿದರು: "ಅವರು ಚೌಡಯ್ಯನವರು ಕಣಮ್ಮ. ಅವರ ಪಿಟೀಲು, ಅವರಿಷ್ಟ."

ಹೇಳಿದ ಮೇಲೆ ಅವರೂ ಸುಮ್ಮನಾದರು. ನಾವೆಲ್ಲ ಒಟ್ಟಿಗೆ ಬಾಗಿಲ ಬಳಿಯ ಕುರ್ಚಿಯ ಕಡೆ ತಿರುಗಿದೆವು. ಎರಡು ಭಾನುವಾರ, ನಾಲ್ಕಾರು ಫೋನು, ನಾಗಸೇನ, ಚೌಡಯ್ಯ, ಎಲ್ಲ ಮುಗಿದಿತ್ತು. ವೀಣೆಯ ಒಡತಿಯನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಕಿವಿ ಕೇಳುವುದಿಲ್ಲವಲ್ಲ ಎಂಬ ನೆವ ಬೇರೆ. ಮಗನ ಗಿಟಾರಿನ ಹೊಟ್ಟೆ ಬಗೆದಾಗ ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಾನು ಹತ್ತಿರ ಹೋಗಿ ಕಿವಿಯ ಬಳಿ ಬಗ್ಗಿ ಜೋರಾಗಿ ಹೇಳಿದೆ: "ಅಮ್ಮಾ, ವೀಣೆಗೆ ಮೈಕು ಹಾಕಿದರೆ ಅದರ ಮೆಲುದನಿ ಹೋಗತ್ತೆ ಅಂತಾರೆ ಭಾವನವರು. ನಿಮಗೇನನ್ನಿಸತ್ತೆ?"

ಅತ್ತೆಯವರು ಸ್ವಲ್ಪ ಹೊತ್ತು ಕೈಬೆರಳು ನೋಡಿಕೊಂಡರು. "ವೀಣೆ ಎಲ್ಲಿ ಮೆಲ್ಲಗಿತ್ತೇ? ನಾನು ಮೆಲ್ಲಗೆ ಮೀಟ್ತಿದ್ದೆ" ಅಂದರು. "ಮೈಸೂರಲ್ಲಿ ನನ್ನ ವೀಣೆ ಬೀದಿಗೆ ಕೇಳೋದು. ಇಲ್ಲಿ ರಾತ್ರಿ ಪಾಳಿ ಮಾಡಿ ಮಾವನವರು ಮಲಗಿರೋರು. ಕರೆಂಟು ಹೋದಾಗಲೇ ಅವರಿಗೂ ಒಂದಿಷ್ಟು ನಿದ್ದೆ. ಎದ್ದರೆ ಬೈತಿದ್ರು. ಅದೇ ಕೈಗೆ ರೂಢಿಯಾಯ್ತು."

ಇಷ್ಟೇ. ದೂರೂ ಇಲ್ಲ, ಕಣ್ಣೀರೂ ಇಲ್ಲ; ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲೇ ಹೇಳಿದರು. ನಾವು ಐವತ್ತು ವರ್ಷ ವೀಣೆಯ ಗುಣವೆಂದು, ಅಮ್ಮನ ಸೌಮ್ಯವೆಂದು ಹೊಗಳಿಕೊಂಡು ಬಂದದ್ದು ಒಬ್ಬ ಸೊಸೆಯ ಎಚ್ಚರಿಕೆಯಾಗಿತ್ತು. ಅದನ್ನೇ ಮೂಲ ನಾದವೆಂದು ಕಾಪಾಡಲು ಹೊರಟಿದ್ದೆವು. ಹೆಣ್ಣು ನೋಡಲು ಹೋದವರು "ಹುಡುಗಿ ತುಂಬಾ ಸಾಧು, ದನಿಯೇ ಕೇಳಿಸೋಲ್ಲ" ಎಂದು ಮೆಚ್ಚಿ ಬರುವುದಿಲ್ಲವೇ? ಆ ಹುಡುಗಿ ತನ್ನ ಅಕ್ಕತಂಗಿಯರ ನಡುವೆ ಹೇಗೆ ನಗುತ್ತಾಳೆಂದು ಯಾರು ಕೇಳಿರುತ್ತಾರೆ? ನನ್ನ ಬಗ್ಗೆಯೂ ಈ ಮನೆಯವರು ಹಾಗೆಯೇ ಹೇಳಿದ್ದರಂತೆ. ಈಗ ಹೇಳುವುದಿಲ್ಲ.

ಆದರೂ ಇಷ್ಟಕ್ಕೇ ಎಲ್ಲ ಬಿಡಿಸಿತೆಂದು ನನಗೆ ಅನ್ನಿಸುವುದಿಲ್ಲ. ಅಂಜಿಕೆಯಿಂದ ಹುಟ್ಟಿತೆಂದ ಮಾತ್ರಕ್ಕೆ ಆ ಮೆಲುದನಿ ಸುಳ್ಳೇ? ಸದ್ದು ಮಾಡಲಾಗದೆ ಅವರು ತಂತಿಯನ್ನು ಎಳೆದು ಎಳೆದು ಒಂದೇ ಮೀಟಿನಲ್ಲಿ ನಾಲ್ಕು ಸ್ವರ ಹುಟ್ಟಿಸುವುದನ್ನು ಕಲಿತರು. ಕಡಿಮೆ ಮೀಟು, ಉದ್ದನೆಯ ಗಮಕ. ಅದು ಅವರ ಶೈಲಿಯೇ ಆಯಿತು, ಚೆಂದವೇ ಆಯಿತು. ಬರಗಾಲದಲ್ಲಿ ಕಲಿತ ಅಡುಗೆಗೂ ರುಚಿ ಇರುತ್ತದೆ. ಇನ್ನು ಭಾವನವರು. ಮಗ್ಗದ ಕೋಣೆಯ ಗೋಡೆಗೊರಗಿ ಮಲಗಿದ ಐದಾರು ವರ್ಷದ ಹುಡುಗನಿಗೆ ಕತ್ತಲಲ್ಲಿ ಕೇಳಿದ ಆ ಸಣ್ಣ ನಾದವೇ ತಾಯಿ. ನುಡಿಸಿದವರದು ವೀಣೆ, ಸರಿ; ಕೇಳಿದವರ ಪಾಲು ಏನೂ ಇಲ್ಲವೇ? ಇದೆ ಎಂದೇ ನನ್ನ ಲೆಕ್ಕ. ಆದರೆ ಆ ಪಾಲು ನೆನಪಿನಲ್ಲಿ ಇಟ್ಟುಕೊಳ್ಳುವಷ್ಟು, ವೀಣೆಗೆ ಬೀಗ ಹಾಕುವಷ್ಟಲ್ಲ. ಹಾಗೆಂದು ಭಾವನವರ ಎದುರು ಹೇಳುವ ಧೈರ್ಯ ಮಾತ್ರ ಅವತ್ತು ನನಗೆ ಬರಲಿಲ್ಲ.

ಸಿಂಪಾಡಿಪುರದಿಂದ ಮೇಳ ಕಟ್ಟಿಸಿಕೊಂಡು ವೀಣೆ ಬಂತು. ಮಗ ಬಿಲ್ಲೆ ಅಂಟಿಸಿ, ತನ್ನ ಗಿಟಾರಿನ ಪೆಟ್ಟಿಗೆಗೇ ಸಿಕ್ಕಿಸಿ, ಅದನ್ನು ಅತ್ತೆಯವರ ಬಲಗಿವಿಯ ಕಡೆ ತಿರುಗಿಸಿಟ್ಟ. ಅವರು ಮೊದಲ ಸಲ ಮೀಟಿದಾಗ ಬೆಚ್ಚಿ ಕೈ ತೆಗೆದರು. ಉಗುರು ತಾಗಿದ್ದು, ಬೆರಳು ತಂತಿಯ ಮೇಲೆ ಜಾರಿದ್ದು, ಬಳೆ ದಂಡಿಗೆ ಬಡಿದದ್ದು, ಎಲ್ಲ ಕೇಳಿಸಿತು. "ಬಾಗಿಲು ಹಾಕೋ, ಬೀದಿಯವರು ಏನಂದ್ಕೋತಾರೆ" ಅಂದರು. ಮಗ ಹಾಕಲಿಲ್ಲ. ಬೀದಿಯಲ್ಲಿ ಎಂದಿನಂತೆ ಮಗ್ಗಗಳು ಬಡಿಯುತ್ತಿದ್ದವು. ಬಳೆ ಬಿಚ್ಚಿಟ್ಟು ಮತ್ತೆ ಕೂತರು. ಆರು ತಿಂಗಳ ಮೇಲೆ ಈಗ ಕರೆಂಟು ಹೋದರೆ ಬೈಯುವವರ ಸಾಲಿಗೆ ಅವರೂ ಸೇರಿದ್ದಾರೆ. ಪೆಟ್ಟಿಗೆ ಸತ್ತುಹೋದಾಗ ಸಿಟ್ಟಿನಲ್ಲಿ ಜೋರಾಗಿ ಮೀಟುತ್ತಾರೆ, ಆಗ ಆ ಹಲಸಿನ ಮರಕ್ಕೆ ಎಷ್ಟು ದನಿಯಿದೆ ಎಂದು ಅಡುಗೆಮನೆಯವರೆಗೂ ಗೊತ್ತಾಗುತ್ತದೆ.

ಗೌರಿ ಹಬ್ಬಕ್ಕೆ ಭಾವನವರು ಬಂದಿದ್ದರು. ಅತ್ತೆಯವರು ನುಡಿಸಲು ಕೂತರು. ಎರಡು ನಿಮಿಷ ಕೇಳಿ ಭಾವನವರು, "ಅಮ್ಮ, ಸ್ವಲ್ಪ ಸಣ್ಣಗೆ ಮಾಡಮ್ಮ" ಎಂದರು. "ನನಗೆ ಕೇಳಿಸಲ್ಲ ಕಣೋ" ಎಂದು ಅವರು ಗುಂಡಿ ಮುಟ್ಟದೆ ಮುಂದುವರಿಸಿದರು. ಭಾವನವರು ಎದ್ದು ಮೇಲಕ್ಕೆ ಹೋದರು. ಕೋಪ ಬಂತೇನೋ ಎಂದು ಕಾಫಿ ತೆಗೆದುಕೊಂಡು ಹಿಂದೆಯೇ ಹತ್ತಿದೆ. ಮಹಡಿಯ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ದೀಪ ಆರಿಸಿ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದರು. ಗೋಡೆಯ ಆಚೆಯಿಂದ, ಎರಡು ಬಾಗಿಲು ದಾಟಿ, ವೀಣೆ ಸಣ್ಣಗೆ ಕೇಳುತ್ತಿತ್ತು. ಲೋಟವನ್ನು ಕಿಟಕಿಯ ಮೇಲಿಟ್ಟು ಬಂದೆ.